ಫಸ್ಟ್ ಓನರ್, ಸೆಕೆಂಡ್ ಓನರ್, ಮತ್ತೆ ಮೇಸ್ತ್ರಿ

ಹಳೇ ಕಾರಿನ ಚರಿತ್ರೆ ಬರೆಯೋದು ಈಗ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಹರಾಜಿನ ಕ್ಯಾಟಲಾಗು, ಕ್ಲಬ್ಬಿನ ಸ್ಮರಣ ಸಂಚಿಕೆ, ಭಾನುವಾರದ ಪುರವಣಿ, ಯೂಟ್ಯೂಬು, ಎಲ್ಲಿ ನೋಡಿದ್ರೂ ಅದೇ ಅಚ್ಚು. ಇಂಥ ವರ್ಷ ಇಂಗ್ಲೆಂಡಿನ ಇಂಥ ಕಾರ್ಖಾನೆಯಿಂದ ಹೊರಬಿತ್ತು. ಇಂಥ ಸಾಹುಕಾರ ಕೊಂಡ. ಅವನಿಂದ ಒಬ್ಬ ಮಹಾರಾಜರ ಕೈಗೆ ಬಂತು. ಆಮೇಲೆ ಒಂದಷ್ಟು ವರ್ಷ ಯಾವುದೋ ಶೆಡ್ಡಿನಲ್ಲಿ ಕೋಳಿಗಳ ಜೊತೆ ಮಲಗಿತ್ತು. ಕೊನೆಗೆ ಒಬ್ಬ ಪುಣ್ಯಾತ್ಮ ಬಂದು ಕಾಪಾಡಿದ. ಈಗ ನೋಡಿ, ಮುಖ ನೋಡ್ಕೊಳ್ಳೋ ಹಾಗೆ ಹೊಳೀತಿದೆ!

ಇಂಥ ಬರಹ ಓದೋ ಚಟ ನನಗಿದೆ. ಆಫೀಸಿನಲ್ಲಿ ಬಿಲ್ಡ್ ಓಡ್ತಿರುವಾಗ ಜಾಗ್ವಾರು, ಎಂ.ಜಿ., ಟ್ರಯಂಫು, ಬೆಂಟ್ಲಿಗಳ ವಂಶಾವಳಿ ಓದ್ತಾ ಕೂರ್ತೀನಿ. ಅದಕ್ಕೇ ಈ ಪ್ರಕಾರದ ಮೇಲೆ ನನ್ನದೊಂದು ತಕರಾರಿದೆ. ಹೈಸ್ಕೂಲಿನ ವ್ಯಾಕರಣ ನೆನಪಿದ್ದವರಿಗೆ ಬೇಗ ತಿಳಿಯತ್ತೆ. ಈ ಬರಹಗಳಲ್ಲಿ ಕೊಂಡವರ ವಿಷಯ ಬಂದಾಗ ಕರ್ತರಿ ಪ್ರಯೋಗ: ಅವರು ಕೊಂಡರು, ಇವರು ಮಾರಿದರು, ಮತ್ತೊಬ್ಬರು ಉಳಿಸಿದರು. ಕೆಲಸ ಮಾಡಿದವರ ವಿಷಯ ಬಂತೋ, ಥಟ್ಟನೆ ಕರ್ಮಣಿ ಪ್ರಯೋಗ: ಇಂಜಿನ್ ಬಿಚ್ಚಲಾಯಿತು, ಬಾಡಿ ಹೊಸದಾಗಿ ಬಡಿಯಲಾಯಿತು, ಬಣ್ಣ ಹೊಡೆಯಲಾಯಿತು. ಯಾರು ಬಿಚ್ಚಿದ್ರು? ಯಾರು ಬಡಿದ್ರು? ವಾಕ್ಯದಲ್ಲಿ ಅವರಿಗೆ ಜಾಗವೇ ಇಲ್ಲ.

"ಇರಲಿ ಬಿಡಪ್ಪ, ಕಾರಿನ ಕಥೆ ತಾನೇ" ಅನ್ನಬಹುದು. ಆದ್ರೆ ಈ ವ್ಯವಹಾರದಲ್ಲಿ ಕಥೆಗೇ ದುಡ್ಡು. ಅದನ್ನ ಅರ್ಥ ಮಾಡ್ಕೊಳ್ಳೋಕೆ ಒಂದು ಕಾರು ಸಾಕು.

*

ಆ ಕಾರಿನ ಹೆಸರು 'ಓಲ್ಡ್ ನಂಬರ್ ಒನ್'. ಬೆಂಟ್ಲಿ ಸ್ಪೀಡ್ ಸಿಕ್ಸ್, ಆರೂವರೆ ಲೀಟರ್ ಇಂಜಿನ್. ಫ್ರಾನ್ಸಿನಲ್ಲಿ ನಡೆಯುವ 24 ಗಂಟೆಗಳ ಲೆ ಮಾನ್ಸ್ ರೇಸನ್ನು 1929ರಲ್ಲಿ ಗೆದ್ದಿತು, 1930ರಲ್ಲಿ ಮತ್ತೆ ಗೆದ್ದಿತು. ಎರಡು ಸಲವೂ ಸ್ಟಿಯರಿಂಗ್ ಹಿಡಿದವರಲ್ಲೊಬ್ಬ ವುಲ್ಫ್ ಬರ್ನಾಟೊ. ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳ ದುಡ್ಡಿನಲ್ಲಿ ಬೆಳೆದ ಮನುಷ್ಯ, ಬೆಂಟ್ಲಿ ಕಂಪನಿಯ ಅಧ್ಯಕ್ಷನೂ ಅವನೇ. ಮೊದಲ ವರ್ಷ ಜೊತೆಗಿದ್ದವನು ಹೆನ್ರಿ ಬರ್ಕಿನ್, ಎರಡನೇ ವರ್ಷ ಗ್ಲೆನ್ ಕಿಡ್‌ಸ್ಟನ್.

1931ರಲ್ಲಿ ಕಂಪನಿ ದಿವಾಳಿಯಾಗಿ ರೋಲ್ಸ್ ರಾಯ್ಸ್ ಪಾಲಾಯಿತು. ಆದ್ರೆ ಕಾರಿನ ಓಟ ನಿಲ್ಲಲಿಲ್ಲ. ರೇಸಿನ ಕಾರು ಅಂದ್ರೆ ಗೊತ್ತಲ್ಲ, ಪ್ರತಿ ಸೀಸನ್ನಿಗೂ ಏನಾದ್ರೂ ಕಳಚ್ತಾರೆ, ಏನಾದ್ರೂ ಜೋಡಿಸ್ತಾರೆ. ಇದಕ್ಕೂ ಚಾಸಿ ಬದಲಾಯಿತು, ಎಂಟು ಲೀಟರ್ ಇಂಜಿನ್ ಕೂತಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸಿನ 500 ಮೈಲಿ ರೇಸಿನಲ್ಲಿ ಕ್ಲೈವ್ ಡನ್‌ಫೀ ಅನ್ನುವ ಡ್ರೈವರ್ ಇದನ್ನು ಓಡಿಸ್ತಿದ್ದ. ಕಾರು ಟ್ರ್ಯಾಕಿನ ದಂಡೆ ಹಾರಿ ಹೊರಗೆ ಬಿತ್ತು, ಆತ ತೀರಿಕೊಂಡ. ಮುರಿದ ಕಾರಿಗೆ ಮತ್ತೆ ರಿಪೇರಿ, ಹೊಸ ಬಾಡಿ. ಅಲ್ಲಿಂದ ಕೈ ಬದಲಾಯಿಸುತ್ತಾ ಎಡ್ವರ್ಡ್ ಹಬ್ಬರ್ಡ್ ಅನ್ನೋರ ಹತ್ತಿರ ಬಂತು.

1990ರಲ್ಲಿ ಹಬ್ಬರ್ಡ್ ಈ ಕಾರನ್ನು ಮಿಡಲ್‌ಬ್ರಿಡ್ಜ್ ಸಿಮಿಟಾರ್ ಅನ್ನುವ ಕಂಪನಿಗೆ ಒಂದು ಕೋಟಿ ಪೌಂಡಿಗೆ ಮಾರೋ ಮಾತಾಯಿತು. ಆಮೇಲೆ ಕೊಳ್ಳುವವರು ಹಿಂದೆ ಸರಿದರು: ಇದು ಆ ಕಾರೇ ಅಲ್ಲ, ಲೆ ಮಾನ್ಸ್ ಗೆದ್ದ ಕಾರಿನದ್ದು ಅಂತ ಇದರಲ್ಲಿ ಏನಿದೆ? ವಿಷಯ ಲಂಡನ್ನಿನ ಕೋರ್ಟಿಗೆ ಹೋಯಿತು. ಜಸ್ಟಿಸ್ ಆಟನ್ ಕಾರನ್ನು ಒಂದೊಂದು ಭಾಗವಾಗಿ ಲೆಕ್ಕ ಹಾಕಿದರು. 1929ರ ಕಾರಿನದ್ದು ಅಂತ ಖಚಿತವಾಗಿ ಹೇಳುವಂಥದ್ದು ಏನೂ ಉಳಿದಿರಲಿಲ್ಲ. 1930ರ ಕಾರಿನದ್ದು ಮೂರು: ಪೆಡಲ್ ಶಾಫ್ಟು, ಗೇರ್‌ಬಾಕ್ಸಿನ ಹೊರಕವಚ, ಸ್ಟಿಯರಿಂಗ್ ಕಾಲಮ್ಮು. ಅಷ್ಟೇ.

ಹಾಗಿದ್ದೂ ತೀರ್ಪು ಹಬ್ಬರ್ಡ್ ಪರ ಬಂತು. ಇದನ್ನ ಒರಿಜಿನಲ್ ಅನ್ನೋಕಾಗಲ್ಲ, ಆದ್ರೆ ಅಸಲಿ ಹೌದು ಅಂತ ನ್ಯಾಯಾಧೀಶರ ತರ್ಕ. ಕಾರು ಒಂದೇ ಏಟಿಗೆ ಬದಲಾಗಲಿಲ್ಲ, ಸ್ವಲ್ಪಸ್ವಲ್ಪವಾಗಿ ಬದಲಾಯಿತು. ಯಾವ ಹಂತದಲ್ಲೂ ಅದರ ಚರಿತ್ರೆ ತುಂಡಾಗಲಿಲ್ಲ. ನಾನೇ ಓಲ್ಡ್ ನಂಬರ್ ಒನ್ ಅಂತ ಹೇಳಿಕೊಳ್ಳೋ ಇನ್ನೊಂದು ಕಾರು ಜಗತ್ತಿನಲ್ಲಿ ಎಲ್ಲೂ ಇಲ್ಲ. ಅಂದಮೇಲೆ ಆ ಹೆಸರು ಇದರದ್ದೇ.

ಸಾಫ್ಟ್‌ವೇರಿನವರಿಗೆ ಈ ತರ್ಕ ಹೊಸದಲ್ಲ. ಹದಿನೈದು ವರ್ಷದ ಹಳೇ ಪ್ರಾಡಕ್ಟಿನಲ್ಲಿ ಮೊದಲ ದಿನ ಬರೆದ ಕೋಡು ಎಷ್ಟು ಉಳಿದಿರತ್ತೆ? ಎಲ್ಲೋ ಒಂದು ಕಾನ್ಫಿಗ್ ಫೈಲು, ಯಾರೂ ಮುಟ್ಟೋಕೆ ಹೆದರೋ ಒಂದು ಫಂಕ್ಷನ್ನು. ಆದ್ರೂ ಅದೇ ಪ್ರಾಡಕ್ಟು ಅಂತೀವಿ. ತೀರ್ಪಿನ ಬಗ್ಗೆ ನನಗೆ ಗೌರವವಿದೆ. ಕಬ್ಬಿಣದ ತೂಕ ಹಾಕಿ ಗುರುತು ಹಿಡಿಯಲ್ಲ, ಬಾಳಿದ ಬಾಳಿನಿಂದ ಹಿಡಿತೀವಿ ಅಂತ ಒಂದು ಕೋರ್ಟು ಹೇಳಿದ್ದು ದೊಡ್ಡ ಮಾತು.

ಆದ್ರೆ ತರ್ಕವನ್ನ ಅಲ್ಲಿಗೇ ಬಿಡಬಾರದು. ಕಾರಿನ ಗುರುತು ಇರೋದು ಅದರ ನಿರಂತರ ಚರಿತ್ರೆಯಲ್ಲಿ ಅಂತಾದ್ರೆ, ಆ ನಿರಂತರತೆ ತಾನಾಗೇ ಬಂತಾ? ಚಾಸಿ ಬದಲಾಯಿಸಿದವನು, ಎಂಟು ಲೀಟರಿನ ಇಂಜಿನನ್ನು ಆರೂವರೆ ಲೀಟರಿನ ಜಾಗದಲ್ಲಿ ಕೂರಿಸಿದವನು, ಒಬ್ಬ ಮನುಷ್ಯ ಸತ್ತ ಕಾರನ್ನು ಮತ್ತೆ ಎತ್ತಿ ನಿಲ್ಲಿಸಿದವನು, ಇವರೇ ಆ ನಿರಂತರತೆ. ಮಾಲೀಕ ಬದಲಾದಾಗ ಕಾರಿನಲ್ಲಿ ಏನೂ ಬದಲಾಗಲ್ಲ, ಕಾಗದ ಬದಲಾಗತ್ತೆ. ಕಾರು ಬದಲಾಗೋದು, ಬದಲಾಗಿಯೂ ಅದೇ ಆಗಿ ಉಳಿಯೋದು ಮೇಸ್ತ್ರಿಯ ಕೈಯಲ್ಲಿ. ಒಂದು ಕೋಟಿ ಪೌಂಡು ಬಂದಿದ್ದು ಆ ಚರಿತ್ರೆಗೆ. ಆ ಚರಿತ್ರೆಯನ್ನು ಜನ ಹೇಳೋದೋ ಬರ್ನಾಟೊ, ಬರ್ಕಿನ್, ಕಿಡ್‌ಸ್ಟನ್, ಡನ್‌ಫೀ, ಹಬ್ಬರ್ಡ್ ಅಂತ. ನಾನೂ ಈಗ ಹಾಗೇ ಹೇಳಿದೆ. ನನಗೆ ಸಿಕ್ಕ ಕಥೆ ಇರೋದೇ ಆ ಥರ.

*

ನಿರಂತರತೆ ಇಲ್ಲದೆಯೂ ಗುರುತು ಹುಟ್ಟಿಸಬಹುದು ಅಂತ ತೋರಿಸಿದ್ದು ಜಾಗ್ವಾರ್. 2008ರಿಂದ ಅದು ನಮ್ಮ ಟಾಟಾದವರದ್ದು. 1963ರಲ್ಲಿ ರೇಸಿಗಾಗಿ ಹದಿನೆಂಟು ಹಗುರ ಇ-ಟೈಪ್ ಕಾರು ಮಾಡ್ತೀವಿ ಅಂತ ಅವರು ನಂಬರು ಗೊತ್ತುಮಾಡಿಟ್ಟಿದ್ದರು. ಆದದ್ದು ಹನ್ನೆರಡೇ. ಐವತ್ತು ವರ್ಷದ ನಂತರ, 2014ರಲ್ಲಿ, ಉಳಿದ ಆರು ಚಾಸಿ ನಂಬರಿಗೆ ಆರು ಹೊಸ ಕಾರು ಕಟ್ಟಿ ಮಾರಿದರು. ಆಮೇಲೆ ಎಕ್ಸ್‌ಕೆಎಸ್‌ಎಸ್ ಸರದಿ. 1957ರ ಫೆಬ್ರವರಿಯಲ್ಲಿ ಬ್ರೌನ್ಸ್ ಲೇನ್ ಕಾರ್ಖಾನೆಗೆ ಬೆಂಕಿ ಬಿದ್ದು ಸುಟ್ಟುಹೋದ ಒಂಬತ್ತು ಕಾರುಗಳ ಬದಲಿಗೆ ಒಂಬತ್ತು ಹೊಸ ಕಾರು, ಒಂದೊಂದಕ್ಕೂ ಹತ್ತು ಲಕ್ಷ ಪೌಂಡಿಗಿಂತ ಜಾಸ್ತಿ.

ಇವಕ್ಕೆ 'ಕಂಟಿನ್ಯೂಯೇಷನ್' ಅನ್ನೋ ಹೆಸರು. ಕೆಲಸ ಅದ್ಭುತ, ಅನುಮಾನವಿಲ್ಲ. ಆದ್ರೆ ಇಲ್ಲಿ ಮುಂದುವರಿದಿದ್ದೇನು? ಡೇಟಾಬೇಸಿನಲ್ಲಿ ಖಾಲಿ ಇದ್ದ ಸಾಲಿಗೆ ಡೇಟಾ ತುಂಬಿದ ಹಾಗಾಯಿತು. ಮೂರೇ ಮೂರು ಹಳೇ ಭಾಗ ಉಳಿಸಿಕೊಂಡ ಬೆಂಟ್ಲಿಯನ್ನ ಅನುಮಾನಿಸಿ ಕೋರ್ಟಿಗೆ ಎಳೀತಾರೆ, ಒಂದೂ ಹಳೇ ಭಾಗವಿಲ್ಲದ ಜಾಗ್ವಾರಿಗೆ ಕ್ಯೂ ನಿಲ್ತಾರೆ. ಎರಡೂ ಕಡೆ ನಡೆಯೋದು ಕಾಗದದ ಅಧಿಕಾರ. ನಂಬರ್ ಕೊಡುವ ಹಕ್ಕು ಯಾರದ್ದೋ, ಅಸಲಿ ಯಾವುದು ಅಂತ ಹೇಳೋ ಹಕ್ಕೂ ಅವರದ್ದೇ.

*

ನಮ್ಮ ದೇಶಕ್ಕೆ ಬರೋಣ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. ಐವತ್ತು ವರ್ಷ ದಾಟಿದ ಎರಡು ಚಕ್ರ, ನಾಲ್ಕು ಚಕ್ರದ ಗಾಡಿಗಳಿಗೆ 'ವಿಎ' ಸೀರೀಸಿನ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ಮರುನೋಂದಣಿಗೆ 5,000. ದಿನನಿತ್ಯ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಂಥದ್ದಕ್ಕಷ್ಟೇ ರಸ್ತೆಗೆ ಇಳಿಸಬಹುದು. ನಿಯಮ ಬಂದಿದ್ದು ಒಳ್ಳೇದೇ. ಆದ್ರೆ ಅದರಲ್ಲಿ ಒಂದು ಷರತ್ತಿದೆ: ಗಾಡಿ ಮೂಲರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು.

ಈ ಅಳತೆಗೋಲಿನಲ್ಲಿ ಓಲ್ಡ್ ನಂಬರ್ ಒನ್ ಫೇಲು. ಅದು ಇಂಗ್ಲೆಂಡಿನವರ ತಲೆನೋವು. ನನ್ನ ಚಿಂತೆ ನಮ್ಮ ಗಾಡಿಗಳದ್ದು.

ಇಂಡಿಯಾದಲ್ಲಿ ಹಳೇ ಬ್ರಿಟಿಷ್ ಕಾರು ಬದುಕಿದ್ದೇ ಮಾರ್ಪಾಡಿನಿಂದ. ಅಂಬಾಸಿಡರ್ ಅಂದ್ರೆ ಏನು? ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅದು 2014ರವರೆಗೂ ತಯಾರಾಯಿತು. ಅಷ್ಟರಲ್ಲಿ ಕಂಪನಿಯೇ ಅದಕ್ಕೆ ಜಪಾನಿನ ಇಸುಜು ಇಂಜಿನ್ ಹಾಕಿತ್ತು. ಸ್ಪೋರ್ಟ್ಸ್ ಕಾರೇ ಬೇಕು ಅಂದ್ರೆ ಅದರ ನೆಂಟನನ್ನೂ ತೋರಿಸಬಹುದು. ಟ್ರಯಂಫ್ ಸ್ಪಿಟ್‌ಫೈರ್ ಅನ್ನುವ ಚೆಂದದ ಎರಡು ಸೀಟಿನ ತೆರೆದ ಕಾರು 1962ರಲ್ಲಿ ಬಂತು. ಅದನ್ನು ಕಟ್ಟಿದ್ದು ಟ್ರಯಂಫ್ ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ. ಎರಡಕ್ಕೂ ರೂಪ ಕೊಟ್ಟವನು ಇಟಲಿಯ ಮಿಕೆಲಾಟಿ. ಆ ಹೆರಾಲ್ಡ್ 1961ರಿಂದ ಮದರಾಸಿನಲ್ಲಿ 'ಸ್ಟ್ಯಾಂಡರ್ಡ್ ಹೆರಾಲ್ಡ್' ಆಗಿ ತಯಾರಾಗ್ತಿತ್ತು. ಅಲ್ಲಿ ಸ್ಪೋರ್ಟ್ಸ್ ಕಾರಾದ ಚಾಸಿ ಇಲ್ಲಿ ಡಾಕ್ಟರು, ವಕೀಲರ ಮನೆಯ ಸಂಸಾರ ಹೊತ್ತಿತು. ನಮ್ಮವರು ಅದಕ್ಕೆ ನಾಲ್ಕು ಬಾಗಿಲು ಸಹ ಇಟ್ಟರು.

ಕಾರ್ಖಾನೆ ನಿಂತಮೇಲೆ ಇಂಥ ಕಾರಿಗೆ ಸ್ಪೇರ್ ಎಲ್ಲಿಂದ ಬರಬೇಕು? ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು. ಸಿಗದಿದ್ರೆ ಲೇತಿನವರ ಹತ್ತಿರ ಮಾಡಿಸಬೇಕು. ಬೇರೆ ಕಾರಿನ ಬೇರಿಂಗನ್ನು ಬುಷ್ ಹಾಕಿ ಕೂರಿಸಬೇಕು. ತಗಡು ತುಕ್ಕು ಹಿಡಿದ್ರೆ ಟಿಂಕರಿಂಗ್ ಮೇಸ್ತ್ರಿ ಹಳೆಯದನ್ನು ಕತ್ತರಿಸಿ, ಮರದ ಸುತ್ತಿಗೆಯಿಂದ ಬಡಿದು, ಅದೇ ತಿರುವು ಬರೋ ಹಾಗೆ ಹೊಸ ತಗಡು ಬೆಸೀತಾನೆ. ಅಳತೆಗೆ ಡ್ರಾಯಿಂಗ್ ಇರಲ್ಲ, ಎಡಗಡೆ ಮಡ್‌ಗಾರ್ಡ್ ನೋಡಿ ಬಲಗಡೆಯದು ಮಾಡ್ತಾನೆ. ಕಾರು ಉಳಿಯತ್ತೆ. ಹೀಗೆ ಉಳಿದ ಕಾರನ್ನೇ ನಾಳೆ ನಿಯಮ ಅನುಮಾನದಿಂದ ನೋಡತ್ತೆ. ಏನೂ ಮಾಡದೆ ಅರಮನೆಯ ಗ್ಯಾರೇಜಿನಲ್ಲಿ ಮುಚ್ಚಿಟ್ಟ ಕಾರು ಪಾಸು. ಮುಚ್ಚಿಡೋಕೆ ಗ್ಯಾರೇಜು ಇದ್ದವರು ಯಾರು ಅನ್ನೋದನ್ನ ಬೇರೆ ಹೇಳಬೇಕಾ?

ಮೂಲರೂಪಕ್ಕೆ ಬೆಲೆ ಕೊಡೋದು ತಪ್ಪಲ್ಲ. ಹೆರಾಲ್ಡಿಗೆ ಮಾರುತಿ ಇಂಜಿನ್ ಹಾಕಿ, ಅಲಾಯ್ ವೀಲ್ ಏರಿಸಿ ರಿಸ್ಟೋರ್ ಮಾಡಿದ್ವಿ ಅನ್ನೋರನ್ನ ಕಂಡ್ರೆ ನನಗೂ ಸಂಕಟ ಆಗತ್ತೆ. ಆದ್ರೆ ಬದುಕಿಸೋಕೆ ಮಾಡಿದ ಬದಲಾವಣೆ ಬೇರೆ, ಷೋಕಿಗೆ ಮಾಡಿದ್ದು ಬೇರೆ. ಎರಡರ ನಡುವಿನ ಗೆರೆ ಎಳೆಯೋಕೆ ಬೇಕಾದ್ದು ಒಂದೇ: ಯಾವ ವರ್ಷ, ಯಾರು, ಯಾಕೆ ಬದಲಾಯಿಸಿದರು ಅನ್ನೋ ದಾಖಲೆ. ಅದನ್ನೇ ನಾವು ಬರೆದಿಡಲ್ಲ.

*

ನಾನು ಹುಟ್ಟಿ ಬೆಳೆದಿದ್ದು ಚಳ್ಳಕೆರೆ ತಾಲೂಕಿನಲ್ಲಿ, ಕುದಾಪುರದ ಮಗ್ಗುಲಲ್ಲಿ. ಅಲ್ಲಿ ವಿಂಟೇಜ್ ಕಾರಿಲ್ಲ. ಆದ್ರೆ ಯಾವುದು ಅಸಲಿ ಅನ್ನೋ ಪ್ರಶ್ನೆಗೆ ಆ ಕಡೆಯ ಜನ ಕೊಡೋ ಉತ್ತರ ಲಂಡನ್ ಕೋರ್ಟಿನದ್ದಕ್ಕಿಂತ ಹಳೇದು.

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಎಳೆಯುವಾಗಲೇ ಅಚ್ಚು ಮುರಿದು ಉರುಳಿಬಿತ್ತು. ವಿಡಿಯೋ ನೀವೂ ನೋಡಿರ್ತೀರಿ. ಆಮೇಲೆ ಹೊಸ ತೇರು ಕಟ್ಟಿದರು. ಇದು ಒರಿಜಿನಲ್ಲಾ, ಹಳೇ ಮರ ಎಷ್ಟಿದೆ ಅಂತ ಭಕ್ತರು ಲೆಕ್ಕ ಹಾಕಲ್ಲ. ಕೊಟ್ಟೂರೇಶ್ವರನ ತೇರು ಅದೇ. ಮಿಣಿ ಹಿಡಿದು ಎಳೆಯೋರು, ಗಾಲಿಗೆ ಸನ್ನೆ ಕೊಡೋರು ಇರೋವರೆಗೂ ತೇರು ಅದೇ. ಜೀರ್ಣೋದ್ಧಾರ ಅನ್ನೋ ಪದ ನಮ್ಮಲ್ಲಿ ಕ್ಷಮಾಪಣೆಯ ದನಿಯಲ್ಲಿ ಬರಲ್ಲ, ಹೆಮ್ಮೆಯಿಂದ ಬರತ್ತೆ.

ಹಾಗಂತ ನಮ್ಮ ಕಡೆಯವರು ಸಾಚಾ ಅಂತೇನೂ ಅಲ್ಲ. ಕುದಾಪುರದ ಪಕ್ಕದ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ತೇರಿನ ದಿನ ಮುಕ್ತಿ ಬಾವುಟದ ಹರಾಜು ಆಗತ್ತೆ. ಲಕ್ಷಗಟ್ಟಲೆ ಕೂಗ್ತಾರೆ. ಮರುದಿನ ಪೇಪರಿನಲ್ಲಿ ಹೆಸರು ಬರೋದು ಹರಾಜು ಹಿಡಿದವರದ್ದು. ಬಾವುಟ ಹೊಲಿದವರು ಯಾರು ಅಂತ ಯಾವ ವರದಿಯಲ್ಲೂ ನಾನು ಓದಿಲ್ಲ. ಅದೂ "ಮಾಡಿದಷ್ಟು ನೀಡು ಭಿಕ್ಷೆ" ಅಂತ ಹೇಳಿದ, ಕೆರೆ ಕಟ್ಟಿಸುವಾಗ ದುಡಿದವರಿಗೆ ದುಡಿದಷ್ಟು ಕೂಲಿ ಸಿಗಬೇಕು ಅಂದ ಸ್ವಾಮಿಯ ಊರಿನಲ್ಲಿ!

ಕುದಾಪುರದ ನೆಲಕ್ಕೂ ಒಂದು ಮಾಲೀಕರ ಪಟ್ಟಿ ಇದೆ. ಅದು ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. 1799ರ ನಂತರ ಅದು ಇಂಗ್ಲಿಷರ ಕೈಗೆ ಹೋಯಿತು. ಖರ್ಚು ಜಾಸ್ತಿ ಅಂತ 1860ರಲ್ಲಿ ದನಗಳನ್ನು ಮಾರಿ ಇಲಾಖೆ ಮುಚ್ಚಿದರು. ಒಳ್ಳೇ ಎತ್ತು ಸಿಗದೆ ಕೈ ಸುಟ್ಟುಕೊಂಡು 1866ರಲ್ಲಿ ಮತ್ತೆ ಶುರು ಮಾಡಿದರು. ಇದೂ ಒಂದು ರಿಸ್ಟೋರೇಷನ್ನೇ. ಒಡೆದುಹೋದ ಮಂದೆಯನ್ನ ಮತ್ತೆ ಅದೇ ತಳಿ ಅಂತ ಕಟ್ಟಬೇಕಾದ್ರೆ, ಕೊಂಬು, ಗಂಗೆದೊಗಲು, ನಡಿಗೆ ನೋಡಿ ಇದು ಹೌದು, ಇದು ಅಲ್ಲ ಅಂತ ಹೇಳೋರು ಬೇಕು. ಚಾಸಿ ನಂಬರ್ ಇಲ್ಲದ ಜಾಗದಲ್ಲಿ ಅದು ಗೊತ್ತಿದ್ದದ್ದು ದನ ಕಾಯುವವರಿಗೆ. ಗೆಜೆಟಿಯರಿನ ಕಥೆಯಲ್ಲಿ ಅರಸರಿದ್ದಾರೆ, ಕಮಿಷನರ್ ಇದ್ದಾರೆ. ದನ ಕಾಯುವವರು ಮತ್ತೆ ಕರ್ಮಣಿ ಪ್ರಯೋಗ.

ಈಚಿನ ದಶಕಗಳಲ್ಲಿ ಈ ಕಾವಲುಗಳ ಸಾವಿರಾರು ಎಕರೆ ಸಂಸ್ಥೆಗಳಿಗೆ ಹೋಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಪಕ್ಕದ ಕಾವಲುಗಳಲ್ಲಿ ಡಿಆರ್‌ಡಿಒ, ಬಾರ್ಕ್, ಇಸ್ರೋ. ಹುಲ್ಲುಗಾವಲಿನ ಪ್ರಶ್ನೆ ಹಸಿರು ನ್ಯಾಯಮಂಡಳಿಗೂ ಹೋಯಿತು. ಆ ವಾದ ಇಲ್ಲಿ ಬೇಡ, ಅದಕ್ಕೆ ಬೇರೆಯೇ ಬರಹ ಬೇಕು. ಅಲ್ಲಿಂದ ನನ್ನ ತಕರಾರಿಗೆ ಉಪಯೋಗಕ್ಕೆ ಬರೋ ಒಂದು ಸಂಗತಿ ಮಾತ್ರ ತಗೋತೀನಿ. ಡಿಆರ್‌ಡಿಒದ ಆ ಪರೀಕ್ಷಾ ಕೇಂದ್ರದಲ್ಲೇ ಇಸ್ರೋದ ಮರುಬಳಕೆ ವಾಹನ 'ಪುಷ್ಪಕ್' ರನ್‌ವೇಗೆ ಇಳಿದಿದ್ದು. 2023ರ ಏಪ್ರಿಲ್ ಒಂದು ಸಲ, 2024ರಲ್ಲಿ ಎರಡು ಸಲ. ಚಿನೂಕ್ ಹೆಲಿಕಾಪ್ಟರ್ ಮೇಲಕ್ಕೆ ಒಯ್ದು ಬಿಡತ್ತೆ, ಅದು ತಾನೇ ದಾರಿ ಹುಡುಕಿ ಇಳಿಯತ್ತೆ. ಎರಡನೇ ಪ್ರಯೋಗದ ನಂತರ ಇಸ್ರೋ ಹೇಳಿದ್ದೇನು? ಮೊದಲ ಸಲ ಬಳಸಿದ ರೆಕ್ಕೆ, ಒಡಲು, ಹಾರಾಟದ ವ್ಯವಸ್ಥೆಗಳನ್ನೇ ತಪಾಸಣೆ ಮಾಡಿ, ಪ್ರಮಾಣೀಕರಿಸಿ ಮತ್ತೆ ಬಳಸಿದ್ದೇವೆ ಅಂತ. ಅಂದ್ರೆ ಯಾವುದು ಹಳೇದು, ಯಾವುದನ್ನ ಪರೀಕ್ಷಿಸಿದರು ಅನ್ನೋದು ಒಂದು ಕಡೆ ಬರೆದಿರತ್ತೆ. ಅಲ್ಲಿ ಹಾಗೆ ಬರೆಯದಿದ್ರೆ ವಾಹನ ಮೇಲೇಳಲ್ಲ. ಕಾರಿನ ಚರಿತ್ರೆಕಾರರಿಗೆ ಇಂಥ ಭಯ ಇಲ್ಲ, ಅದಕ್ಕೇ ಸಲೀಸು.

ಇಷ್ಟು ಶಿಸ್ತಿಗೆ ರಾಕೆಟ್ ವಿಜ್ಞಾನಿಯೇ ಆಗಬೇಕಿಲ್ಲ. ನಮ್ಮ ಮನೇಲಿ ಒಂದು ಹಳೇ ಟ್ರ್ಯಾಕ್ಟರ್ ಇದೆ. ಅಪ್ಪ ಮೊದಲಿಂದ ಅದಕ್ಕೊಂದು ಲೆಕ್ಕದ ಪುಸ್ತಕ ಇಟ್ಟಿದ್ದಾರೆ. ಇಂಥ ತಾರೀಕು ಬೋರ್ ಮಾಡಿಸಿದ್ದು, ಇಂಥ ತಾರೀಕು ಕ್ಲಚ್ ಪ್ಲೇಟು, ಕೂಲಿ ಇಷ್ಟು, ಕೊನೇ ಕಾಲಮ್ಮಿನಲ್ಲಿ ಕೆಲಸ ಮಾಡಿದವರ ಹೆಸರು. ಹೆಸರು ಯಾಕಪ್ಪ ಅಂದ್ರೆ, "ಮತ್ತೆ ಕೆಟ್ರೆ ಅವನ್ನೇ ಕರೀಬೇಕಲ್ಲ, ಒಳಗೆ ಏನ್ ಮಾಡ್ಯಾನೆ ಅಂತ ಅವನಿಗೇ ಗೊತ್ತಿರೋದು" ಅಂದ್ರು. ಸಾಫ್ಟ್‌ವೇರಿನಲ್ಲಿ ಇದಕ್ಕೆ ಗಿಟ್ ಬ್ಲೇಮ್ ಅಂತೀವಿ. ಯಾವ ಸಾಲು ಯಾರು, ಯಾವತ್ತು ಬದಲಾಯಿಸಿದರು ಅಂತ ತೋರಿಸೋ ಕಮಾಂಡು. ಹೆಸರು ಕೆಟ್ಟದು, ಕೆಲಸ ಒಳ್ಳೇದು.

*

ಬೆಂಗಳೂರಿನಲ್ಲಿ ಈಗ ನಮ್ಮ ವಯಸ್ಸಿನವರು ಹಳೇ ಗಾಡಿಗಳ ಹಿಂದೆ ಬಿದ್ದಿದ್ದಾರೆ. ಎಲ್ಲರ ಕೈಗೂ ಬೆಂಟ್ಲಿ ಎಟುಕಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ದಿ, ಹಳೇ ಬುಲೆಟ್ಟು, ಅದೃಷ್ಟ ಇದ್ರೆ ಒಂದು ಹೆರಾಲ್ಡು. ರಿಸ್ಟೋರ್ ಮುಗಿದಮೇಲೆ ಇನ್‌ಸ್ಟಾಗ್ರಾಮಿನಲ್ಲಿ ಮುಂಚೆ ಹೀಗಿತ್ತು, ಈಗ ಹೀಗಿದೆ ಅಂತ ಎರಡು ಫೋಟೋ. ಕೆಳಗೆ 'ಮೈ ಬಿಲ್ಡ್'. ನಿಮ್ಮ ಬಿಲ್ಡಾ? ದುಡ್ಡು ನಿಮ್ಮದು, ಒಪ್ಪಿದೆ. ಶನಿವಾರ ಶನಿವಾರ ಗ್ಯಾರೇಜಿಗೆ ಹೋಗಿ ಸ್ಟೂಲಿನ ಮೇಲೆ ಕೂತು ಟೀ ಕುಡಿದಿದ್ದೂ ನೀವೇ. ಕ್ರ್ಯಾಂಕು ಬಿಚ್ಚಿದವರು?

ಇದು ಬರೀ ಸೌಜನ್ಯದ ಪ್ರಶ್ನೆ ಅಲ್ಲ. ಹಳೇ ಗಾಡಿಯ ಬೆಲೆ ಇರೋದು ಕಥೆಯಲ್ಲಿ. ಕಥೆಯಲ್ಲಿ ಇಲ್ಲದವನು ಬೆಲೆಯಲ್ಲೂ ಇರಲ್ಲ. ಇಂಥ ಮೇಸ್ತ್ರಿ ಕೈಯಲ್ಲಿ ಆದ ಗಾಡಿ ಅಂತ ಬರೆದಿದ್ರೆ, ಅದು ನಾಲ್ಕು ಕೈ ದಾಟಿದ ಮೇಲೂ ಅವನ ಹೆಸರಿಗೆ ಗಿರಾಕಿ ಹುಡುಕಿಕೊಂಡು ಬರ್ತಾರೆ, ಅವನು ಕೂಲಿ ಜಾಸ್ತಿ ಕೇಳಬಹುದು, ಮಗನಿಗೂ ಈ ಕೆಲಸ ಕಲಿಯೋಣ ಅನ್ನಿಸಬಹುದು. ಈಗ ಅನ್ನಿಸ್ತಿಲ್ಲ. ಕಾರ್ಬೊರೇಟರ್ ಟ್ಯೂನ್ ಮಾಡೋ ಕೈಗಳಿಗೆ ವಯಸ್ಸಾಗ್ತಿದೆ. ಇನ್ನು ಇಪ್ಪತ್ತು ವರ್ಷಕ್ಕೆ ಮೂಲರೂಪದ ಗಾಡಿಗಳು ಮ್ಯೂಸಿಯಮ್ಮಿನಲ್ಲಿ ಇರ್ತವೆ, ಸ್ಟಾರ್ಟ್ ಮಾಡೋರು ಇರಲ್ಲ.

ಹಾಗಾಗಿ ಕ್ಲಬ್ಬಿನವರಿಗೆ, ಕ್ಯಾಟಲಾಗಿನವರಿಗೆ, ಹಳೇ ಗಾಡಿಯ ಕಥೆ ಬರೆಯೋ ಎಲ್ಲರಿಗೂ ಒಂದು ಸಣ್ಣ ಕೋರಿಕೆ. ಮಾಲೀಕರ ಪಟ್ಟಿ ಇಟ್ಟುಕೊಳ್ಳಿ, ಯಾರೂ ಬೇಡ ಅನ್ನಲ್ಲ. ಅದರ ಪಕ್ಕ ಇನ್ನೊಂದು ಕಾಲಮ್ ಎಳೀರಿ. ಏನು ಬಿಚ್ಚಿದರು, ಏನು ಹಾಕಿದರು, ಯಾಕೆ, ಯಾರು. ಅವರನ್ನ ಕೇಳಿ, ಒಪ್ಪಿದ್ರೆ ಹೆಸರು ಬರೀರಿ, ಬಿಲ್ಲು ಲಗತ್ತಿಸಿ. ವಿಂಟೇಜ್ ನೋಂದಣಿಯ ಅರ್ಜಿಯಲ್ಲೂ ಇಂಥದ್ದೊಂದು ಪುಟ ಇದ್ರೆ, 'ಮೂಲರೂಪ' ಅನ್ನೋ ಒಂದು ಪದದ ಮೇಲೆ ಅಧಿಕಾರಿ ತಲೆ ಕೆರೆದುಕೊಳ್ಳೋದು ತಪ್ಪತ್ತೆ.

ಆವತ್ತು ಲಂಡನ್ನಿನಲ್ಲಿ ಒಂದು ಕೋಟಿ ಪೌಂಡಿನ ಕಾರಿಗೆ ಹೀಗೆ ಒಂದು ಪುಸ್ತಕ ಇದ್ದಿದ್ರೆ, ಪೆಡಲ್ ಶಾಫ್ಟು, ಗೇರ್‌ಬಾಕ್ಸಿನ ಹೊರಕವಚ, ಸ್ಟಿಯರಿಂಗ್ ಕಾಲಮ್ಮು ಅಂತ ಎಣಿಸಿಕೊಂಡು ಕೂರೋ ಕೆಲಸ ನ್ಯಾಯಾಧೀಶರಿಗೆ ಬರ್ತಾನೇ ಇರಲಿಲ್ಲ.